ಹಿಮದೂರಿನ ಉಪ್ಪು, ಎರೆಹೊಲದ ಸವಳು

ಡಿಸೆಂಬರ್ ಬಂತೆಂದರೆ ಅಣ್ಣಿಗೇರಿ, ನವಲಗುಂದ, ಕುಂದಗೋಳದ ಎಷ್ಟೋ ಮನೆಗಳ ಮೊಬೈಲಿಗೆ ಹಿಮದ ಫೋಟೊಗಳು ಬರಲು ಶುರುವಾಗುತ್ತವೆ. ಮಿನಿಯಾಪೊಲಿಸ್, ಷಿಕಾಗೊ, ಟೊರಾಂಟೊ ಕಡೆ ನೆಲೆಸಿದ ಮಕ್ಕಳು ಕಳಿಸಿದವು. ಇಲ್ಲಿ ಹಿಂಗಾರಿ ಕಡಲೆ ಹೂವಿಗೆ ಬಂದಿರುತ್ತದೆ, ಅಲ್ಲಿ ಕಾರು ಕಾಣದಷ್ಟು ಹಿಮ. ಆ ಫೋಟೊಗಳ ನಡುವೆ ಕೆಲವೊಮ್ಮೆ ಹಿಮವೇ ಇಲ್ಲದ ಒಂದು ರಸ್ತೆಯೂ ಇರುತ್ತದೆ. ಒಣಗಿದ ಡಾಂಬರು, ಅದರ ಮೇಲೆ ಉದ್ದಕ್ಕೂ ಸಮನಾಗಿ ಎಳೆದ ಬಿಳಿ ಗೆರೆಗಳು. ಕೂರಿಗೆ ಹೊಡೆದ ಹೊಲದ ಸಾಲುಗಳ ಹಾಗೆಯೇ ಕಾಣುತ್ತವೆ. ಕೆಲಸವೂ ಹೆಚ್ಚುಕಡಿಮೆ ಹಾಗೆಯೇ ನಡೆಯುತ್ತದೆ: ಟ್ಯಾಂಕರ್ ಲಾರಿಯ ಹಿಂದೆ ಒಂದು ಅಡ್ಡ ಕೊಳವೆ, ಅದಕ್ಕೆ ಅಳತೆಯ ಅಂತರದಲ್ಲಿ ತೂತುಗಳು, ಕೂರಿಗೆಯ ಬಟ್ಟಲಿನಿಂದ ಬೀಜ ಇಳಿದಂತೆ ಒಂದೊಂದು ತೂತಿನಿಂದ ಒಂದೊಂದು ಸಾಲು ಉಪ್ಪುನೀರು ರಸ್ತೆಗೆ ಇಳಿಯುತ್ತದೆ. ನೀರು ಆರಿದ ಮೇಲೆ ಉಳಿಯುವುದು ಆ ಬಿಳಿ ಗೆರೆ.

ನಾಳೆ ಹಿಮ ಬೀಳುತ್ತದೆಂದು ಗೊತ್ತಾದಾಗ ಇವತ್ತೇ ಉಪ್ಪುನೀರು ಹೊಡೆದಿಡುವ ಈ ಪದ್ಧತಿಯ ಬಗ್ಗೆ ನವಲಗುಂದ ತಾಲ್ಲೂಕಿನ ಹಿರಿಯ ರೈತರೊಬ್ಬರಿಗೆ ಹೇಳಿದಾಗ ಅವರು ಮಂಜು ಹೇಗೆ ಕರಗುತ್ತದೆ ಎಂದು ಕೇಳಲಿಲ್ಲ. “ಅಲ್ಲೋ ತಮ್ಮಾ, ಅಷ್ಟು ಉಪ್ಪು ಹೊಡದ ಮ್ಯಾಲೆ ಅದು ಎಲ್ಲಿಗೆ ಹೋಗತೈತಿ?” ಎಂದರು. ಹಿಮದ ದೇಶಗಳ ಎಂಜಿನಿಯರುಗಳು ಈ ಪ್ರಶ್ನೆಗೆ ಬರಲು ಹಲವು ದಶಕ ತೆಗೆದುಕೊಂಡರು. ನೆಲಕ್ಕೆ ಸವಳು ಏರುವುದನ್ನು ಕಣ್ಣಾರೆ ಕಂಡವರಿಗೆ ಅದು ಮೊದಲ ಪ್ರಶ್ನೆ. ಈ ಬರಹ ಆ ಪ್ರಶ್ನೆಯ ಬೆನ್ನು ಹತ್ತಿದ್ದು.

ಮೊದಲು ಉಪ್ಪು ಮಾಡುವ ಕೆಲಸವನ್ನು ನೋಡೋಣ. ಜಾತ್ರೆಯಲ್ಲಿ ಮಟಕಾ ಕುಲ್ಫಿ ಮಾರುವವರು ಮಡಕೆಯಲ್ಲಿ ಮಂಜುಗಡ್ಡೆ ಒಡೆದು ಹಾಕಿ ಅದಕ್ಕೆ ಹಿಡಿಗಟ್ಟಲೆ ಉಪ್ಪು ಬೆರೆಸುತ್ತಾರೆ. ಉಪ್ಪು ಬಿದ್ದ ಮಂಜುಗಡ್ಡೆ ಕರಗತೊಡಗುತ್ತದೆ; ಕರಗಲು ಬೇಕಾದ ಶಾಖವನ್ನು ಸುತ್ತಲಿನಿಂದ ಎಳೆದುಕೊಳ್ಳುತ್ತದೆ; ಹಾಗಾಗಿ ಆ ಉಪ್ಪುನೀರು ಸೊನ್ನೆ ಡಿಗ್ರಿಗಿಂತ ಎಷ್ಟೋ ತಣ್ಣಗಾದರೂ ಗಡ್ಡೆ ಕಟ್ಟುವುದಿಲ್ಲ, ಒಳಗಿನ ಡಬ್ಬಿಯ ಹಾಲು ಮಾತ್ರ ಗಟ್ಟಿಯಾಗುತ್ತದೆ. ಕಾರವಾರ, ಮಲ್ಪೆಯ ಮೀನುಗಾರಿಕೆಗೆ ಮಂಜುಗಡ್ಡೆ ಒದಗಿಸುವ ಕಾರ್ಖಾನೆಗಳಲ್ಲೂ ನೀರು ತುಂಬಿದ ಡಬ್ಬಗಳನ್ನು ಇಳಿಬಿಡುವುದು ಇಂಥದೇ ಶೀತಲ ಉಪ್ಪುನೀರಿನ ತೊಟ್ಟಿಗೆ.

ಶುದ್ಧ ನೀರು 0 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೆಪ್ಪುಗಟ್ಟುತ್ತದೆ. ಉಪ್ಪು ಕರಗಿದಷ್ಟೂ ಈ ಮಟ್ಟ ಕೆಳಗಿಳಿಯುತ್ತದೆ. ತೂಕದಲ್ಲಿ ನೂರಕ್ಕೆ 23.3 ಪಾಲು ಉಪ್ಪು ಇದ್ದಾಗ ಅದು ಅತಿ ಕೆಳಗೆ, ಅಂದರೆ ಮೈನಸ್ 21 ಡಿಗ್ರಿಗೆ ಹೋಗಿ ನಿಲ್ಲುತ್ತದೆ. ಅದಕ್ಕಿಂತ ಹೆಚ್ಚು ಉಪ್ಪು ಹಾಕಿದರೆ ಲಾಭವಿಲ್ಲ, ನಷ್ಟವಿದೆ: ಹೆಚ್ಚಿನ ಉಪ್ಪು ಚಳಿಯಲ್ಲಿ ಹರಳಾಗಿ ಬೇರ್ಪಟ್ಟು ಕೊಳವೆಯಲ್ಲಿ ಕಟ್ಟಿಕೊಳ್ಳುತ್ತದೆ. ಆದ್ದರಿಂದಲೇ ಉಪ್ಪುನೀರು ತಯಾರಿಸುವವರು ತೇಲುಮಾಪಕ ಇಳಿಬಿಟ್ಟು 23ರ ಆಸುಪಾಸಿಗೆ ಹದ ತಂದು ನಿಲ್ಲಿಸುತ್ತಾರೆ. ಸಕ್ಕರೆ ಪಾಕದ ಎಳೆ ನೋಡುವಷ್ಟೇ ನಿಷ್ಠೆ ಇದಕ್ಕೂ ಬೇಕು.

ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಒಣ ಉಪ್ಪಿನ ಹರಳು ತಾನಾಗಿ ಏನನ್ನೂ ಕರಗಿಸುವುದಿಲ್ಲ. ಅದು ಮೊದಲು ಒಂದಿಷ್ಟು ತೇವ ಹಿಡಿದು ದ್ರವವಾಗಬೇಕು, ಆ ದ್ರವ ಮಂಜನ್ನು ಕೊರೆಯುತ್ತದೆ. ಚಳಿ ಹೆಚ್ಚಾದಷ್ಟೂ ಈ ಮೊದಲ ತೇವ ಸಿಗುವುದು ಕಷ್ಟ. ಪುಸ್ತಕದಲ್ಲಿ ಮೈನಸ್ 21 ಎಂದಿದ್ದರೂ ರಸ್ತೆಯ ಮೇಲೆ ಸಾದಾ ಉಪ್ಪು ಮೈನಸ್ 9 ಡಿಗ್ರಿ ದಾಟಿದ ಮೇಲೆ ಕೆಲಸಕ್ಕೆ ಬಾರದಷ್ಟು ನಿಧಾನವಾಗುತ್ತದೆ. ಆಗ ಮೆಗ್ನೀಷಿಯಂ ಕ್ಲೋರೈಡ್, ಕ್ಯಾಲ್ಸಿಯಂ ಕ್ಲೋರೈಡ್‌ಗಳ ಮೊರೆ ಹೋಗುತ್ತಾರೆ. ಕ್ಯಾಲ್ಸಿಯಂ ಕ್ಲೋರೈಡ್ ಗಾಳಿಯಿಂದಲೇ ತೇವ ಹೀರುತ್ತದೆ, ಕರಗುವಾಗ ಬಿಸಿಯನ್ನೂ ಬಿಡುತ್ತದೆ. ಅದರ ದ್ರಾವಣ ಹೆಪ್ಪುಗಟ್ಟುವ ಕೊನೆಯ ಹಂತ ಮೈನಸ್ 50ರ ಆಸುಪಾಸು. ಅದರ ಬೆಲೆ ಜಾಸ್ತಿ. ಹೆಚ್ಚು ಸುರಿದರೆ, ಹೀರಿದ ತೇವ ಆರದೆ ರಸ್ತೆಯೇ ಜಾರುತ್ತದೆ.

ಹಿಮ ಎಂಬ ಮಾತಿಗೆ ಧಾರವಾಡ ಜಿಲ್ಲೆಯಲ್ಲಿ ಬೇರೊಂದು ಭಾರವೂ ಇದೆ. ಕುಂದಗೋಳ ತಾಲ್ಲೂಕಿನ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ ಸುಮಾರು 19,600 ಅಡಿ ಎತ್ತರದ ಠಾಣೆಯಲ್ಲಿ ಹಿಮಕುಸಿತಕ್ಕೆ ಸಿಕ್ಕಿದರು. ಅವರ ಜೊತೆ ಮದ್ರಾಸ್ ರೆಜಿಮೆಂಟಿನ ಇನ್ನೂ 9 ಯೋಧರಿದ್ದರು. ಆರು ದಿನಗಳ ನಂತರ ಹನುಮಂತಪ್ಪ ಅವರೊಬ್ಬರೇ ಹಿಮದಡಿಯಿಂದ ಜೀವಂತವಾಗಿ ಸಿಕ್ಕರು. ಫೆಬ್ರುವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು. ಅವತ್ತು ಈ ಜಿಲ್ಲೆಯ ಊರೂರಲ್ಲಿ ಜನ ಅತ್ತಿದ್ದಾರೆ. ಆ ಎತ್ತರದಲ್ಲಿ ಚಳಿ ಮೈನಸ್ 40ನ್ನೂ ದಾಟುತ್ತದೆ. ಅಲ್ಲಿ ಉಪ್ಪಿನ ಮಾತಿಲ್ಲ, ದ್ರಾವಣದ ಮಾತಿಲ್ಲ, ಮನುಷ್ಯನ ಕೈಯೂ ಸಲಿಕೆಯೂ ಮಾತ್ರ. ನಮ್ಮ ಹಿಮಾಲಯದ ಬಹುಪಾಲು ರಸ್ತೆಗಳಲ್ಲೂ ಗಡಿ ರಸ್ತೆ ಸಂಸ್ಥೆಯ ಜನ ಯಂತ್ರದಿಂದ ಹಿಮ ಕೊರೆದು ಬದಿಗೆ ಎಸೆಯುತ್ತಾರೆ. ಉಪ್ಪುನೀರಿನ ಕಥೆ ಅಷ್ಟು ಚಳಿಯಿಲ್ಲದ, ವಾಹನ ದಟ್ಟವಾದ ಪಟ್ಟಣಗಳದು.

ಆ ಕಥೆ ತೀರಾ ಹಳೆಯದೂ ಅಲ್ಲ. ಕುದುರೆ ಗಾಡಿಗಳ ಕಾಲದಲ್ಲಿ ಅಮೆರಿಕದ ಹಳ್ಳಿಗಳಲ್ಲಿ ಹಿಮವನ್ನು ತೆಗೆಯುತ್ತಿರಲಿಲ್ಲ. ದೊಡ್ಡ ಮರದ ರೋಲರ್ ಉರುಳಿಸಿ ಗಟ್ಟಿ ಮಾಡುತ್ತಿದ್ದರು, ಅದರ ಮೇಲೆ ಜಾರುಬಂಡಿ ಓಡುತ್ತಿತ್ತು. ಮೋಟಾರು ಬಂದ ಮೇಲೆ ನೆಲ ಕಾಣಬೇಕಾಯಿತು. ಬೂದಿ, ಮರಳು ಹಾಕಿ ನೋಡಿದರು. ನ್ಯೂ ಹ್ಯಾಂಪ್‌ಶೈರ್ ರಾಜ್ಯ 1938ರಲ್ಲಿ ಪ್ರಯೋಗಕ್ಕೆಂದು ಉಪ್ಪು ಹಾಕಿತು. 1941–42ರ ಚಳಿಗಾಲದಲ್ಲಿ ಇಡೀ ದೇಶದಲ್ಲಿ ಹಾಕಿದ್ದು ಸುಮಾರು 5,000 ಟನ್. ಇವತ್ತು ಅಮೆರಿಕವೊಂದೇ ವರ್ಷಕ್ಕೆ ಹೆಚ್ಚುಕಡಿಮೆ 2 ಕೋಟಿ ಟನ್ ಉಪ್ಪನ್ನು ರಸ್ತೆಗೆ, ಮೆಟ್ಟಿಲಿಗೆ, ವಾಹನ ನಿಲುಗಡೆ ಜಾಗಗಳಿಗೆ ಚೆಲ್ಲುತ್ತದೆ. ಡೆಟ್ರಾಯಿಟ್ ನಗರದ ಕೆಳಗೆ ಸಾವಿರ ಅಡಿಗೂ ಆಳದಲ್ಲಿ ಉಪ್ಪಿನ ಗಣಿಯಿದೆ. ಕೆನಡಾದ ಒಂಟಾರಿಯೊದ ಗಾಡ್ರಿಚ್ ಊರಿನಲ್ಲಿ ಸರೋವರದ ಅಡಿಗೇ ಹಬ್ಬಿದ ಜಗತ್ತಿನ ಅತಿ ದೊಡ್ಡ ಉಪ್ಪಿನ ಗಣಿಯಿದೆ. ಗೋಕರ್ಣದ ಹತ್ತಿರದ ಸಾಣಿಕಟ್ಟಾದಿಂದ ಘಟ್ಟ ಹತ್ತಿ ಬಂದ ಉಪ್ಪನ್ನು ಸೇರಿನ ಲೆಕ್ಕದಲ್ಲಿ ಅಳೆದು ಕೊಂಡ ಊರುಗಳವರು ನಾವು. 2 ಕೋಟಿ ಟನ್ ಎಂಬ ಮಾತು ಒಮ್ಮೆಲೇ ತಲೆಗೆ ಹತ್ತುವುದಿಲ್ಲ.

ಇಷ್ಟೊಂದು ಉಪ್ಪನ್ನು ಕಡಿಮೆ ಮಾಡುವ ದಾರಿ ಹುಡುಕುತ್ತ ಹೋದವರಿಗೆ ಸಿಕ್ಕಿದ್ದು ದ್ರವ. ಇದರಲ್ಲಿ ಮೂರು ಬಗೆಯ ಬಳಕೆಯಿದೆ, ಮೂರನ್ನೂ ಒಂದೇ ಎಂದು ತಿಳಿಯುವುದರಿಂದ ಗೊಂದಲವಾಗುತ್ತದೆ.

ಒಂದು, ಮೊದಲೇ ಹೊಡೆಯುವುದು. ಹಿಮ ಬೀಳುವ ಮುನ್ನಾದಿನ, ರಸ್ತೆ ಒಣಗಿರುವಾಗ ಸಾಲುಸಾಲಾಗಿ ಉಪ್ಪುನೀರು ಬಿಡುತ್ತಾರೆ. ನೀರು ಆರಿ ತೆಳುವಾದ ಉಪ್ಪಿನ ಪದರ ರಸ್ತೆಗೆ ಅಂಟಿ ಕೂರುತ್ತದೆ. ಮೊದಲ ಹಿಮ ಬಿದ್ದ ಕೂಡಲೇ ಅದು ಕರಗಿ ರಸ್ತೆಗೂ ಹಿಮಕ್ಕೂ ನಡುವೆ ಒದ್ದೆಯ ಪರದೆಯಾಗುತ್ತದೆ. ಹಿಮ ಡಾಂಬರಿಗೆ ಅಂಟಲು ಆಗುವುದಿಲ್ಲ, ಮುಂದೆ ಹಲಗೆ ಕಟ್ಟಿದ ಲಾರಿ ಬಂದು ದೂಡಿದರೆ ಸಲೀಸಾಗಿ ಎದ್ದು ಬರುತ್ತದೆ. ಇಡೀ ವಿದ್ಯೆಯ ತಿರುಳು ಇಲ್ಲಿದೆ: ಬಿದ್ದ ಹಿಮವನ್ನೆಲ್ಲ ಕರಗಿಸುವ ಗೋಜಿಗೆ ಹೋಗದೆ ಅಡಿಯ ಅಂಟನ್ನಷ್ಟೇ ತಡೆದರೆ ಸಾಕು. ಅಂಟಿ ಕಲ್ಲಾದ ಮೇಲೆ ಬಿಡಿಸುವುದಕ್ಕೆ ಎಷ್ಟೋ ಪಟ್ಟು ಉಪ್ಪು ಬೇಕು. ಒಂದು ಸಾಲು ವಾಹನ ಹೋಗುವ ರಸ್ತೆಯ ಒಂದು ಕಿಲೊಮೀಟರಿಗೆ ಸಾಮಾನ್ಯವಾಗಿ ಬಿಡುವುದು 90ರಿಂದ 100 ಲೀಟರ್ ದ್ರಾವಣ. ಅದರಲ್ಲಿರುವ ಉಪ್ಪು ಸುಮಾರು 26 ಕಿಲೊ. ಹಿಮ ಬಿದ್ದು ಗಟ್ಟಿಯಾದ ಮೇಲೆ ಒಣ ಉಪ್ಪನ್ನೇ ಚೆಲ್ಲಿದರೆ ಅದರ ಎರಡರಿಂದ ನಾಲ್ಕು ಪಟ್ಟು ಹಿಡಿಯುತ್ತದೆ.

ಎರಡು, ಒಣ ಉಪ್ಪನ್ನು ತೋಯಿಸಿ ಚೆಲ್ಲುವುದು. ಲಾರಿಯಿಂದ ಬೀಳುವ ಒಣ ಹರಳು ಗಟ್ಟಿ ರಸ್ತೆಗೆ ಬಡಿದು ಪುಟಿದು ಚರಂಡಿಗೋ ಹುಲ್ಲಿಗೋ ಹಾರುತ್ತದೆ. ಮಿಷಿಗನ್ ರಾಜ್ಯದಲ್ಲಿ ನಡೆದ ಪರೀಕ್ಷೆಯೊಂದರಲ್ಲಿ ಒಣ ಉಪ್ಪಿನ ಶೇ 30ರಷ್ಟು ರಸ್ತೆಯಾಚೆ ಹೋಗಿತ್ತು, ತೋಯಿಸಿದ ಉಪ್ಪಿನಲ್ಲಿ ಶೇ 4ರಷ್ಟು ಮಾತ್ರ. ಟನ್ನಿಗೆ ಮೂವತ್ತು ನಲವತ್ತು ಲೀಟರ್ ಉಪ್ಪುನೀರು ಸಿಂಪಡಿಸಿದರೆ ಸಾಕು, ಬಿದ್ದಲ್ಲೇ ಕೂರುತ್ತದೆ, ಕೂಡಲೇ ಕೆಲಸಕ್ಕೂ ಇಳಿಯುತ್ತದೆ. ಹಣ ಉಳಿಸುವ ವಿಷಯದಲ್ಲಿ ಇದಕ್ಕಿಂತ ಸರಳವಾದ ಕ್ರಮ ನನಗೆ ಕಾಣುವುದಿಲ್ಲ.

ಮೂರು, ಬಿದ್ದ ತೆಳು ಹಿಮದ ಮೇಲೆ ನೇರವಾಗಿ ದ್ರಾವಣ ಹೊಡೆದು ಕರಗಿಸುವುದು. ಇದು ಎಚ್ಚರದ ಕೆಲಸ. ದಪ್ಪ ಗಡ್ಡೆಯ ಮೇಲೆ ಹೊಡೆದರೆ ಕರಗಿದ ನೀರು ದ್ರಾವಣವನ್ನೇ ತೆಳುಮಾಡಿ ಮತ್ತೆ ಹೆಪ್ಪುಗಟ್ಟುತ್ತದೆ, ಮೊದಲಿಗಿಂತ ನುಣುಪಾದ ಮಂಜು ಸಿದ್ಧವಾಗುತ್ತದೆ. ಹಿಮಕ್ಕೆ ಮೊದಲು ಮಳೆ ಬರುವುದಿದ್ದರೆ ಹೊಡೆದದ್ದು ತೊಳೆದು ಹೋಗುತ್ತದೆ. ಒಣ ಹಿಮ ಗಾಳಿಗೆ ಹಾರಿಹೋಗುತ್ತಿರುವಾಗ ರಸ್ತೆ ಒದ್ದೆ ಮಾಡಿದರೆ ಹಾರಬೇಕಾದ ಹಿಮವೂ ಬಂದು ಅಂಟುತ್ತದೆ. ಯಾವಾಗ ಹೊಡೆಯಬಾರದು ಎಂದು ತಿಳಿದವನೇ ಇದರಲ್ಲಿ ಪಳಗಿದವನು. ಕೀಟನಾಶಕದ ಪಂಪು ಬೆನ್ನಿಗೆ ಹಾಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಸರ್ಕಾರಿ ರಸ್ತೆಗಳಿಗಿಂತ ಕಠಿಣವಾದದ್ದು ಖಾಸಗಿ ಜಾಗಗಳ ಸಮಸ್ಯೆ. ಮಾಲ್, ಆಸ್ಪತ್ರೆ, ಕಚೇರಿ, ಅಂಗಡಿ ಸಾಲು, ಮೋಟೆಲ್, ವಸತಿ ಸಮುಚ್ಚಯ — ಇವುಗಳ ಅಂಗಳದ ಹಿಮ ತೆಗೆಯುವ ಗುತ್ತಿಗೆದಾರರ ದೊಡ್ಡ ಉದ್ಯಮವೇ ಅಲ್ಲಿದೆ. ರಾತ್ರಿ 2 ಗಂಟೆಗೆ ಎದ್ದು ಬೆಳಗಿನ ಪಾಳಿ ಶುರುವಾಗುವುದರೊಳಗೆ ಹತ್ತಾರು ಅಂಗಳ ಮುಗಿಸಬೇಕು. ಯಾರಾದರೂ ಜಾರಿ ಬಿದ್ದು ಸೊಂಟ ಮುರಿದುಕೊಂಡರೆ ಮಾಲೀಕನ ಮೇಲೂ ಗುತ್ತಿಗೆದಾರನ ಮೇಲೂ ದಾವೆ ಬೀಳುತ್ತದೆ. ಆ ಭಯದಲ್ಲಿ ಕೈ ಧಾರಾಳವಾಗುತ್ತದೆ. ನೆಲ ಬೆಳ್ಳಗೆ ಕಾಣುವಷ್ಟು ಉಪ್ಪು ಬಿದ್ದಿದ್ದರೆ ‘ನಾವು ಮಾಡಬೇಕಾದ್ದು ಮಾಡಿದ್ದೇವೆ’ ಎನ್ನುವುದಕ್ಕೆ ಅದೇ ಸಾಕ್ಷಿ. ಚೆಲ್ಲಿದ ಉಪ್ಪಿನ ತೂಕಕ್ಕೆ ತಕ್ಕಂತೆ ಹಣ ಕೊಡುವ ಕರಾರಿದ್ದರಂತೂ ಕಡಿಮೆ ಬಳಸಿದವನಿಗೇ ನಷ್ಟ.

ಇಲ್ಲಿ ನನಗೆ ಮೆಚ್ಚುಗೆಯಾದ ಹೆಜ್ಜೆ ಇಟ್ಟಿದ್ದು, ಉಪ್ಪು ಚೆಲ್ಲುವುದನ್ನು ಎಲ್ಲರಿಗಿಂತ ಮೊದಲು ಶುರುಮಾಡಿದ ಅದೇ ನ್ಯೂ ಹ್ಯಾಂಪ್‌ಶೈರ್. 2013ರಿಂದ ಅಲ್ಲಿ ಒಂದು ಕಾನೂನಿದೆ: ಅಳತೆಯಲ್ಲಿ ಉಪ್ಪು ಬಳಸುವ ತರಬೇತಿ ಪಡೆದು, ಎಲ್ಲಿ ಎಷ್ಟು ಹಾಕಿದೆ ಎಂದು ಲೆಕ್ಕ ಬರೆದಿಡುವ ಗುತ್ತಿಗೆದಾರನಿಗೆ ಹಿಮದಲ್ಲಿ ಜಾರಿ ಬಿದ್ದವರ ದಾವೆಗಳಿಂದ ರಕ್ಷಣೆ ಸಿಗುತ್ತದೆ. ಮಿನ್ನೆಸೋಟಾದ ಮಾಲಿನ್ಯ ನಿಯಂತ್ರಣ ಸಂಸ್ಥೆಯೂ ಗುತ್ತಿಗೆದಾರರಿಗೆ ಇಂಥ ತರಬೇತಿ ಕೊಡುತ್ತದೆ. ಯಂತ್ರ ಎಷ್ಟೇ ಚೆನ್ನಾಗಿದ್ದರೂ ಅದನ್ನು ಹಿಡಿದ ಮನುಷ್ಯನ ಭಯ ಇಳಿಯದೆ ಉಪ್ಪು ಇಳಿಯುವುದಿಲ್ಲ ಎಂದು ಅರಿತು ಮಾಡಿದ ಕಾನೂನು ಅದು. ಅಲ್ಲಿ ಮೋಟೆಲ್, ಅಂಗಡಿ, ಕ್ಲಿನಿಕ್ ನಡೆಸುವ ಕನ್ನಡಿಗರಿದ್ದಾರೆ, ವಸತಿ ಸಂಘಗಳ ಸಮಿತಿಗಳಲ್ಲಿ ಇರುವವರಿದ್ದಾರೆ. ಹಿಮದ ಗುತ್ತಿಗೆಗೆ ಸಹಿ ಹಾಕುವಾಗ ‘ತೂಕಕ್ಕೆ ಹಣವೋ, ಕೆಲಸಕ್ಕೆ ಹಣವೋ’ ಎಂಬ ಒಂದು ಮಾತನ್ನು ಅವರು ಕೇಳಿದರೆ ಒಂದು ಚಳಿಗಾಲದಲ್ಲಿ ಟನ್ನುಗಟ್ಟಲೆ ಉಪ್ಪು ಉಳಿಯಬಹುದು.

ದ್ರಾವಣಕ್ಕೆ ಬೆರೆಸುವ ವಸ್ತುಗಳಲ್ಲಿ ಒಂದು ನಮ್ಮ ಕಡೆಯವರಿಗೆ ಚೆನ್ನಾಗಿ ಗೊತ್ತಿರುವಂಥದ್ದು: ಕಾಕಂಬಿ. ಕಲಘಟಗಿಯ ಕಬ್ಬು ಹಳಿಯಾಳದ ಕಾರ್ಖಾನೆಗೆ ಹೋಗುತ್ತದೆ, ಅಲ್ಲಿ ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಅಂಟು ರಸವೇ ಕಾಕಂಬಿ. ಚಳಿ ದೇಶಗಳಲ್ಲಿ ಸಕ್ಕರೆ ಗೆಡ್ಡೆಯಿಂದ ಸಕ್ಕರೆ ತೆಗೆದ ಮೇಲೂ ಇಂಥದೇ ರಸ ಉಳಿಯುತ್ತದೆ. ಅದನ್ನು ಉಪ್ಪುನೀರಿಗೆ ಬೆರೆಸಿದರೆ ದ್ರಾವಣ ರಸ್ತೆಗೆ ಅಂಟಿ ನಿಲ್ಲುತ್ತದೆ, ಇನ್ನಷ್ಟು ಚಳಿಯಲ್ಲೂ ದ್ರವವಾಗಿ ಉಳಿಯುತ್ತದೆ, ಕಬ್ಬಿಣಕ್ಕೆ ತುಕ್ಕು ಹಿಡಿಸುವುದೂ ಒಂದಿಷ್ಟು ತಗ್ಗುತ್ತದೆ. ಚೀಸ್ ತಯಾರಿಕೆಗೆ ಹೆಸರಾದ ವಿಸ್ಕಾನ್ಸಿನ್ ರಾಜ್ಯದಲ್ಲಿ, ಚೀಸ್ ನೆನೆಸಿ ಉಳಿದ ಉಪ್ಪುನೀರನ್ನೂ ರಸ್ತೆಗೆ ಬಳಸಿದ್ದಾರೆ. ಇಲ್ಲದಿದ್ದರೆ ಅದನ್ನು ವಿಲೇವಾರಿ ಮಾಡಲು ಹಣ ಕೊಡಬೇಕಾಗುತ್ತಿತ್ತು. ಪತ್ರಿಕೆಗಳು ಇವನ್ನು ಪವಾಡದಂತೆ ಬರೆಯುತ್ತವೆ. ನಾನು ಅಷ್ಟು ದೂರ ಹೋಗಲಾರೆ. ಕಾಕಂಬಿ ಹಳ್ಳಕ್ಕೆ ಸೇರಿದರೆ ಸೂಕ್ಷ್ಮಜೀವಿಗಳು ಅದನ್ನು ತಿನ್ನುತ್ತ ನೀರಿನ ಆಮ್ಲಜನಕವನ್ನು ಬರಿದು ಮಾಡುತ್ತವೆ, ಮೀನು ಸಾಯುತ್ತದೆ. ಸಕ್ಕರೆ ಕಾರ್ಖಾನೆಯ ಕೊಳೆನೀರು ಹರಿದ ಹಳ್ಳದ ದಂಡೆಯವರಿಗೆ ಆ ವಾಸನೆ ಗೊತ್ತು. ಅಲ್ಲದೆ ಕಾಕಂಬಿಯ ಜೊತೆ ಉಪ್ಪು ಇದ್ದೇ ಇರುತ್ತದೆ. ಅದು ಉಪ್ಪಿನ ಕೆಲಸವನ್ನು ಚುರುಕುಗೊಳಿಸುತ್ತದೆಯೇ ಹೊರತು ಉಪ್ಪಿನ ಜಾಗವನ್ನು ಪೂರ್ತಿ ತುಂಬುವುದಿಲ್ಲ.

ಉಪ್ಪನ್ನೇ ಬಿಟ್ಟು ಬರೀ ನೀರಿನಿಂದ ಹಿಮ ಕರಗಿಸುವ ಊರೂ ಉಂಟು. ಜಪಾನಿನ ನಾಗಾವೊಕಾದಲ್ಲಿ ರಸ್ತೆ ನಡುವೆ ಕೊಳವೆ ಹೂತು, ನೆಲದಾಳದ ಬೆಚ್ಚನೆಯ ನೀರನ್ನು ಚಿಮ್ಮಿಸುತ್ತಾರೆ. ಅಂತರ್ಜಲ ವಿಪರೀತ ಎತ್ತಿದ್ದರಿಂದ ಆ ಪ್ರದೇಶದಲ್ಲಿ ನೆಲವೇ ಕುಸಿಯತೊಡಗಿ ನಂತರ ಮಿತಿ ಹಾಕಬೇಕಾಯಿತು. ಬೋರ್‌ವೆಲ್ಲಿನ ನಮ್ಮ ಅನುಭವ ಬೇರೆಯದಾದರೂ ಎಲ್ಲೋ ಒಂದೆಡೆ ಕೂಡುತ್ತದೆ.

ಈಗ ಆ ಹಿರಿಯರ ಪ್ರಶ್ನೆಗೆ ಬರೋಣ. ಉಪ್ಪು ಎಲ್ಲಿಗೆ ಹೋಗುತ್ತದೆ?

ಎಲ್ಲಿಗೂ ಹೋಗುವುದಿಲ್ಲ. ಉಪ್ಪಿನಲ್ಲಿ ಸೋಡಿಯಂ ಮತ್ತು ಕ್ಲೋರೈಡ್ ಇವೆ. ಕ್ಲೋರೈಡ್ ಕೊಳೆಯುವುದಿಲ್ಲ, ಬಿಸಿಲಿಗೆ ಆವಿಯಾಗುವುದಿಲ್ಲ, ಸೂಕ್ಷ್ಮಜೀವಿಗೆ ಆಹಾರವಾಗುವುದಿಲ್ಲ, ಮಣ್ಣಿನ ಕಣಕ್ಕೂ ಅಂಟುವುದಿಲ್ಲ. ನೀರು ಹೋದಲ್ಲಿ ಹೋಗುತ್ತದೆ, ನೀರು ನಿಂತಲ್ಲಿ ನಿಲ್ಲುತ್ತದೆ. ಮಿನಿಯಾಪೊಲಿಸ್–ಸೇಂಟ್ ಪಾಲ್ ಅವಳಿನಗರದ ಸುತ್ತ ಹಾಕಿದ ರಸ್ತೆ ಉಪ್ಪಿನಲ್ಲಿ ಶೇ 70ರಷ್ಟು ನದಿ ಸೇರಿ ಹರಿದುಹೋಗದೆ ಅಲ್ಲಿನ ಕೆರೆ, ಮಣ್ಣು, ಅಂತರ್ಜಲದಲ್ಲೇ ಉಳಿಯುತ್ತದೆ ಎಂದು ಮಿನ್ನೆಸೋಟಾ ವಿಶ್ವವಿದ್ಯಾಲಯದ ಅಧ್ಯಯನ ಹೇಳಿತು. ಅಲ್ಲಿ ಜಲಚರಗಳಿಗೆ ಹಾಕಿಕೊಂಡ ಮಿತಿ ಲೀಟರಿಗೆ 230 ಮಿಲಿಗ್ರಾಂ ಕ್ಲೋರೈಡ್. ಒಂದು ಟೀ ಚಮಚ ಉಪ್ಪು ಸಾಕು, 19 ಲೀಟರ್ ನೀರು ಆ ಮಿತಿಗೆ ಬರಲು. ಕ್ಲೋರೈಡ್ ಹೆಚ್ಚಾದ ನೀರು ಲೋಹವನ್ನೂ ತಿನ್ನುತ್ತದೆ. 2014ರಲ್ಲಿ ಮಿಷಿಗನ್‌ನ ಫ್ಲಿಂಟ್ ನಗರ ಕುಡಿಯುವ ನೀರಿಗೆ ತನ್ನ ನದಿಯನ್ನು ನೆಚ್ಚಿಕೊಂಡಾಗ, ಆ ನೀರಿನ ಕ್ಲೋರೈಡ್ ಮೊದಲಿನ ನೀರಿಗಿಂತ ಎಷ್ಟೋ ಹೆಚ್ಚಿತ್ತು. ಯಂತ್ರದ ಬಿಡಿಭಾಗಗಳು ತುಕ್ಕು ಹಿಡಿಯುತ್ತವೆಂದು ಜನರಲ್ ಮೋಟಾರ್ಸ್ ಕಾರ್ಖಾನೆ ಅದೇ ಅಕ್ಟೋಬರಿನಲ್ಲಿ ಆ ನೀರು ಬಿಟ್ಟಿತು. ತುಕ್ಕು ತಡೆಯುವ ರಾಸಾಯನಿಕವನ್ನೂ ಬೆರೆಸದಿದ್ದ ಕಾರಣ ಮನೆಮನೆಯ ಹಳೆಯ ಕೊಳವೆಗಳ ಸೀಸ ಕರಗಿ ಮಕ್ಕಳ ಹೊಟ್ಟೆಗೆ ಹೋಯಿತು.

ಸೋಡಿಯಂ ಮಾಡುವ ಕೇಡು ಬೇರೆ, ಅದನ್ನು ನವಲಗುಂದದ ಎರೆಹೊಲದಲ್ಲಿ ನಿಂತೇ ವಿವರಿಸಬಹುದು. ಎರೆಮಣ್ಣಿನ ಜೇಡಿಕಣಗಳ ನಡುವೆ ಕ್ಯಾಲ್ಸಿಯಂ ಇದ್ದಾಗ ಕಣಗಳು ಗುಂಪುಗೂಡಿ ಹೆಂಟೆಯಾಗಿ, ಹೆಂಟೆಗಳ ಸಂದಿಯಲ್ಲಿ ನೀರು–ಗಾಳಿ ಆಡುತ್ತವೆ. ಕ್ಯಾಲ್ಸಿಯಂ ಜಾಗಕ್ಕೆ ಸೋಡಿಯಂ ಬಂದು ಕೂತರೆ ಕಣಗಳು ಒಂದನ್ನೊಂದು ಬಿಟ್ಟು ನುಣುಪಾದ ರಾಡಿಯಾಗುತ್ತವೆ. ಒಣಗಿದಾಗ ಹೆಂಚಿನಂತೆ ಬಿರುಸಾಗುತ್ತವೆ. ನೀರು ಕೆಳಗಿಳಿಯದು, ಬೇರು ಉಸಿರಾಡದು. ಹಿಮದೂರಿನ ರಸ್ತೆಯಂಚಿನ ಹುಲ್ಲು, ಮರ ವಸಂತದಲ್ಲಿ ಕಂದುಗಟ್ಟಿ ಸಾಯುವುದಕ್ಕೆ ಇದೂ ಒಂದು ಕಾರಣ. ಅಲ್ಲಿಯ ತೋಟಗಾರರು ಕೊಡುವ ಮದ್ದು, ನಮ್ಮ ಕೃಷಿ ಇಲಾಖೆ ಕೊಡುವ ಮದ್ದು ಎರಡೂ ಒಂದೇ: ಜಿಪ್ಸಮ್. ಅದರ ಕ್ಯಾಲ್ಸಿಯಂ ಸೋಡಿಯಮ್ಮನ್ನು ಕಣದಿಂದ ಎಬ್ಬಿಸುತ್ತದೆ, ಎದ್ದದ್ದನ್ನು ಸಿಹಿನೀರಿನಿಂದ ತೊಳೆದು ಹೊರಗೆ ಕಳಿಸಬೇಕು. ಹೊರಗೆ ಹೋಗಲು ಬಸಿಗಾಲುವೆ ಇರದಿದ್ದರೆ ಜಿಪ್ಸಮ್ ಹಾಕಿದ್ದು ವ್ಯರ್ಥ.

ಮಲಪ್ರಭೆಗೆ ನವಿಲುತೀರ್ಥದಲ್ಲಿ ಅಣೆಕಟ್ಟು ಕಟ್ಟಿ 1970ರ ದಶಕದಿಂದ ಕಾಲುವೆ ನೀರು ಹರಿದ ಮೇಲೆ ಈ ಸೀಮೆಯ ಬದುಕು ಬದಲಾಯಿತು. ಮಳೆ ನಂಬಿದ ಹೊಲಗಳಲ್ಲಿ ಗೋವಿನಜೋಳ, ಹತ್ತಿ, ಗೋದಿ ಬೆಳೆದು ನಿಂತವು. ಜೊತೆಗೆ ಇನ್ನೊಂದು ಸಂಗತಿ ನಡೆಯಿತು. ಎರೆಮಣ್ಣಿನ ಆಳದಲ್ಲಿ ಮೊದಲೇ ಲವಣಗಳಿದ್ದವು. ಮೇಲಿನಿಂದ ಹೆಚ್ಚು ನೀರು ಬಿಟ್ಟಂತೆ ನೆಲದೊಳಗಿನ ನೀರಿನ ಮಟ್ಟ ಏರಿತು, ಅದರೊಂದಿಗೆ ಉಪ್ಪೂ ಏರಿತು. ಬೇಸಿಗೆಯಲ್ಲಿ ನೀರು ಆವಿಯಾಗಿ ಉಪ್ಪು ಮೇಲ್ಮೈಯಲ್ಲಿ ಬೆಳ್ಳಗೆ ಉಳಿಯಿತು. ಸವಳು–ಜವಳು ಎಂಬ ಜೋಡಿ ಪದ ಸರ್ಕಾರಿ ಕಡತಕ್ಕೂ ರೈತರ ಮಾತಿಗೂ ಬಂದದ್ದು ಹೀಗೆ. ನವಲಗುಂದ ತಾಲ್ಲೂಕಿನ ಬೆಳವಟಗಿಯಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯದ ನೀರು ನಿರ್ವಹಣಾ ಸಂಶೋಧನಾ ಕೇಂದ್ರ ಇದೆ; ಈ ನೆಲಕ್ಕೆ ಎಷ್ಟು ನೀರು ಸಾಕು ಎಂಬುದೇ ಅದರ ಬಹುಕಾಲದ ಕೆಲಸ. ಇಲ್ಲಿಯ ಬಾವಿ, ಬೋರಿನ ನೀರು ಸವಳಾಗಿದ್ದರಿಂದಲೇ ಊರೂರಿನವರು ಕುಡಿಯುವ ನೀರಿಗೆ ಕೆರೆ ಕಟ್ಟಿ, ಅದರ ದಂಡೆಗೆ ಚಪ್ಪಲಿ ಕಾಲಿಡದಂತೆ ಕಾಯ್ದುಕೊಂಡು ಬಂದರು.

ಒಂದು ಲೆಕ್ಕ ಹಾಕಿ ನೋಡಿ. ಕುಡಿಯುವ ನೀರಿಗೆ ಭಾರತೀಯ ಮಾನಕ ಒಪ್ಪುವ ಕರಗಿದ ಲವಣಗಳ ಮಟ್ಟ ಲೀಟರಿಗೆ 500 ಮಿಲಿಗ್ರಾಂ, ಬೇರೆ ನೀರು ಸಿಗದಿದ್ದಲ್ಲಿ 2,000ದವರೆಗೆ. ನಿಮ್ಮ ಬೋರಿನಲ್ಲಿ ಆ ಒಳ್ಳೆಯ 500ರ ನೀರೇ ಬರುತ್ತದೆ ಎಂದುಕೊಳ್ಳೋಣ. ಒಂದು ಎಕರೆಗೆ ಎರಡು ಇಂಚು ನಿಲ್ಲುವಂತೆ ಹಾಯಿಸಿದರೆ ಹತ್ತಿರ ಹತ್ತಿರ 2 ಲಕ್ಷ ಲೀಟರ್. ಅದರೊಂದಿಗೆ ಹೊಲಕ್ಕೆ ಬಂದ ಲವಣ ಸುಮಾರು 100 ಕಿಲೊ, ಒಂದು ಕ್ವಿಂಟಲ್! ಒಂದೇ ಸಲ ನೀರು ಹಾಯಿಸಿದ್ದಕ್ಕೆ, ಹಿಮದೂರಿನಲ್ಲಿ ಸುಮಾರು 4 ಕಿಲೊಮೀಟರ್ ರಸ್ತೆಯ ಒಂದು ಸಾಲಿಗೆ ಹೊಡೆಯುವಷ್ಟು. ನೀರಿನಲ್ಲಿರುವುದೆಲ್ಲ ಅಡುಗೆ ಉಪ್ಪಲ್ಲ, ಕ್ಯಾಲ್ಸಿಯಂ, ಬೈಕಾರ್ಬೊನೇಟ್‌ಗಳೂ ಇರುತ್ತವೆ ನಿಜ. ಒಳ್ಳೆಯ ಮಳೆಗಾಲ ಒಂದು ಪಾಲನ್ನು ತೊಳೆದು ಕೆಳಗೆ ಕಳಿಸುತ್ತದೆ ಎಂಬುದೂ ನಿಜ. ಆದರೆ ಎರೆಮಣ್ಣಿನಲ್ಲಿ ನೀರು ಇಳಿಯುವುದು ಬಲು ನಿಧಾನ. ಅಮೆರಿಕದ ರಸ್ತೆಗೆ ಸುರಿದ ಉಪ್ಪನ್ನು ಕಂಡು ಬೆರಗಾಗುವ ನಾವು ನಮ್ಮ ಮೋಟಾರಿನ ಬಾಯಿಂದ ಬರುವ ಉಪ್ಪನ್ನು ಕಾಣುವುದಿಲ್ಲ, ಏಕೆಂದರೆ ಅದು ತಿಳಿನೀರಿನ ರೂಪದಲ್ಲಿ ಬರುತ್ತದೆ.

ಬೆಳೆಗಳೂ ಒಂದೇ ತರ ತಾಳುವುದಿಲ್ಲ. ಮಣ್ಣಿನ ರಸದ ವಿದ್ಯುತ್ ವಾಹಕತೆಯಿಂದ, ಮೀಟರಿಗೆ ಇಷ್ಟು ಡೆಸಿಸೀಮನ್ಸ್ ಎಂದು, ಲವಣವನ್ನು ಅಳೆಯುತ್ತಾರೆ. ಈರುಳ್ಳಿಯ ಇಳುವರಿ 1.2ರ ಮೇಲೆ ಇಳಿಯತೊಡಗುತ್ತದೆ, ಮೆಣಸಿನಕಾಯಿಯದು 1.5ರ ಮೇಲೆ, ಗೋವಿನಜೋಳದ್ದು 1.7ರ ಮೇಲೆ. ಗೋದಿ 6ರವರೆಗೆ, ಹತ್ತಿ 7.7ರವರೆಗೆ ಸಹಿಸುತ್ತವೆ. ಲವಣನೆಲ ಎಂದು ಕರೆಯುವುದೇ 4ರ ನಂತರ. ಅಂದರೆ ಹೊಲಕ್ಕೆ ‘ಸವಳು’ ಎಂಬ ಹೆಸರು ಬೀಳುವ ಎಷ್ಟೋ ಮೊದಲೇ ಅಲ್ಲಿಯ ಉಳ್ಳಾಗಡ್ಡಿ, ಮೆಣಸಿನಕಾಯಿ ಸೋತಿರುತ್ತವೆ. ಬೀಜದ ಮೇಲೆ, ಗೊಬ್ಬರದ ಮೇಲೆ, ರೋಗದ ಮೇಲೆ ಅನುಮಾನ ಪಟ್ಟು ಹಣ ಸುರಿಯುವ ರೈತನಿಗೆ ಈ ಅಂಕಿಯನ್ನು ಯಾರಾದರೂ ಮೊದಲೇ ಹೇಳಬೇಕಿತ್ತು ಎಂದು ನನಗೆ ಮತ್ತೆ ಮತ್ತೆ ಅನಿಸುತ್ತದೆ.

ಹಿಮದೂರಿನವರು ದ್ರಾವಣದ ಕಡೆ ತಿರುಗಿದ್ದು ಉಪ್ಪು ಬೇಡವೆಂದಲ್ಲ. ಜಾರುವ ರಸ್ತೆಯಲ್ಲಿ ಆಂಬುಲೆನ್ಸ್ ಹೋಗಲೇಬೇಕು, ಶಾಲೆಯ ಬಸ್ಸು ಹೋಗಲೇಬೇಕು. ಅದಕ್ಕೆ ಉಪ್ಪು ಬೇಕು. ಚೀಲದಿಂದ ಎರಚುತ್ತಿದ್ದಾಗ ಎಷ್ಟು ಬಿತ್ತೆಂದು ಯಾರಿಗೂ ಗೊತ್ತಿರಲಿಲ್ಲ. ನೀರಿಗೆ ಕರಗಿಸಿ ಲೀಟರಿನಲ್ಲಿ ಅಳೆದು ಹೊಡೆಯತೊಡಗಿದಾಗ ಗೊತ್ತಾಯಿತು. ಕಾಲುವೆ, ಬೋರು ಬಿಟ್ಟು ನಾವೂ ಬದುಕಲಾರೆವು. ಎಷ್ಟು ಇಂಚು ಹಾಯಿಸಿದೆವು, ಆ ನೀರಿನಲ್ಲಿ ಎಷ್ಟು ಲವಣವಿತ್ತು ಎಂದು ಬರೆದಿಡುವ ಪದ್ಧತಿ ನಮ್ಮಲ್ಲಿ ಇನ್ನೂ ಬಂದಿಲ್ಲ.

ವಿದೇಶದಲ್ಲಿರುವ ಮಕ್ಕಳಿಗೆ ಈ ಚಳಿಗಾಲ ಫೋನಿನಲ್ಲಿ ಹೇಳಬಹುದಾದ್ದು ಇಷ್ಟು. ಮೊದಲು ಹಿಮ ದೂಡಿ, ಆಮೇಲೆ ಉಪ್ಪು; ಹಿಮದ ರಾಶಿಯ ಮೇಲೇ ಉಪ್ಪು ಸುರಿಯಬೇಡಿ. 20 ಅಡಿ ಉದ್ದದ ಅಂಗಳಕ್ಕೆ ಒಂದು ಕಾಫಿ ಮಗ್‌ನಷ್ಟು ಉಪ್ಪು ಸಾಕು ಎನ್ನುವುದು ಮಿನ್ನೆಸೋಟಾದವರ ಸಲಹೆ. ಮನೆಯಲ್ಲೇ ದ್ರಾವಣ ಮಾಡುವುದಿದ್ದರೆ 10 ಲೀಟರ್ ನೀರಿಗೆ 3 ಕಿಲೊ ಉಪ್ಪು ಕರಗಿಸಿದರೆ 23ರ ಹದ ಸಿಗುತ್ತದೆ. ತೋಟದ ಸಿಂಪಡಣೆ ಪಂಪಿನಿಂದ ಹಿಂದಿನ ಸಂಜೆಯೇ ಮೆಟ್ಟಿಲಿಗೆ, ನಡೆದಾಡುವ ಹಾದಿಗೆ ಹೊಡೆದು, ಪಂಪನ್ನು ಒಳ್ಳೆಯ ನೀರಿನಿಂದ ತೊಳೆದಿಡಿ. ಮೈನಸ್ 9ಕ್ಕಿಂತ ಕೆಳಗಿದ್ದರೆ ಉಪ್ಪು ಬಿಟ್ಟು ಮರಳು ಹಾಕಿ. ಹಿಮ ಕರಗಿದ ಮೇಲೆ ನೆಲದಲ್ಲಿ ಉಳಿದ ಹರಳುಗಳನ್ನು ಗುಡಿಸಿ ಡಬ್ಬಿಗೆ ತುಂಬಿಟ್ಟುಕೊಳ್ಳಿ, ಮುಂದಿನ ಸಲಕ್ಕೆ ಬರುತ್ತವೆ.

ಊರಿನಲ್ಲಿರುವವರು ಮುಂಗಾರಿಗೆ ಮೊದಲು, ಏಪ್ರಿಲ್–ಮೇ ಹೊತ್ತಿಗೆ ಮಣ್ಣು ಪರೀಕ್ಷೆಗೆ ಕೊಡುವಾಗ ಮೇಲಿನ ಒಂದು ಅಡಿಯ ಮಣ್ಣನ್ನೂ ಎರಡನೆಯ, ಮೂರನೆಯ ಅಡಿಯ ಮಣ್ಣನ್ನೂ ಬೇರೆ ಬೇರೆ ಚೀಲದಲ್ಲಿ ಒಯ್ಯಿರಿ. ಉಪ್ಪು ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದು ಆಗ ಮಾತ್ರ ಕಾಣುತ್ತದೆ. ಚೀಟಿಯಲ್ಲಿ ಬಂದ ವಾಹಕತೆಯ ಅಂಕಿ ಮಣ್ಣಿಗೆ ಹೆಚ್ಚು ನೀರು ಬೆರೆಸಿ ಅಳೆದದ್ದೋ, ಬರೀ ಹಸಿಮಣ್ಣಿನ ರಸದ್ದೋ ಎಂದು ಕೇಳಿ ಬರೆಸಿಕೊಳ್ಳಿ, ಏಕೆಂದರೆ ಮೊದಲನೆಯ ಬಗೆಯಲ್ಲಿ ಅಂಕಿ ತುಂಬ ಕಡಿಮೆ ಕಾಣುತ್ತದೆ. ಮೇಲೆ ಹೇಳಿದ ಬೆಳೆಗಳ ಮಿತಿ ಎರಡನೆಯ ಬಗೆಯದು. ಮಣ್ಣಿನ ಚೀಲಗಳ ಜೊತೆ ಬೋರಿನ ನೀರಿನದೊಂದು ಬಾಟಲಿಯನ್ನೂ ಕೊಡಿ.